ದನದ ಹುಳುವಿನ ಔಷಧವೂ ಫೋನಿನ ಸುದ್ದಿಯೂ

(ಯುವಕ ಸಂಘ ಮತ್ತು ಮಹಿಳಾ ಸಮಾಜಗಳ ಕೂಡು ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೀಜೋಪಚಾರ, ಗೊಬ್ಬರದ ಗುಂಡಿ, ಸಾಲು ಬಿತ್ತನೆ ಇವುಗಳ ಮಾತನ್ನೇ ನನ್ನ ಬಾಯಲ್ಲಿ ಕೇಳಿ ತಮಗೆ ರೂಢಿ. ಈ ದಿನ ಔಷಧದ ಮಾತು ಎತ್ತಿಕೊಂಡು ಬಂದಿದ್ದೇನೆ. ನಾನು ಡಾಕ್ಟರನಲ್ಲ, ಪಶುವೈದ್ಯನೂ ಅಲ್ಲ. ಕೃಷಿ ಡಿಪ್ಲೊಮಾ ಓದಿದವನು. ಇವನಿಗೇಕೆ ಈ ಉಸಾಬರಿ ಎಂದು ಹಿರಿಯರು ಕೇಳಿದರೆ ತಪ್ಪಿಲ್ಲ. ಎರಡು ಕಾರಣಗಳಿವೆ. ನಾನು ಹೇಳಹೊರಟಿರುವ ಔಷಧ ಇರುವುದು ಡಾಕ್ಟರ ಕಪಾಟಿನಲ್ಲಿ ಮಾತ್ರವಲ್ಲ, ತಮ್ಮ ಕೊಟ್ಟಿಗೆಯ ಗೂಡಿನಲ್ಲಿಯೂ ಹೌದು. ಇನ್ನು, ಒಂದು ವಸ್ತು ಗುಣ ಕೊಡುತ್ತದೆಯೇ ಇಲ್ಲವೇ ಎಂದು ಪರೀಕ್ಷೆ ಮಾಡುವ ಕ್ರಮ ಹೊಲಕ್ಕೂ ಮನುಷ್ಯನ ದೇಹಕ್ಕೂ ಬಹುಮಟ್ಟಿಗೆ ಒಂದೇ. ಆ ಕ್ರಮವನ್ನು ತಾವು ಬಲ್ಲಿರಿ.

ಔಷಧದ ಹೆಸರು ಐವರ್‌ಮೆಕ್ಟಿನ್. ದನ, ಕುರಿ, ಮೇಕೆಗಳಿಗೆ ಜಂತುಹುಳು, ಹೇನು, ಕಜ್ಜಿ ಬಂದಾಗ ಚರ್ಮದ ಅಡಿಗೆ ಚುಚ್ಚುವ ಮದ್ದು. ಕೊರೋನ ಕಾಲದಲ್ಲಿ ಇದನ್ನು ಮನುಷ್ಯರು ತೆಗೆದುಕೊಂಡರೆ ರೋಗ ಓಡಿಹೋಗುತ್ತದೆ ಎಂದು ಸುದ್ದಿ ಹಬ್ಬಿತು. ಕೊರೋನದ ಭಯ ಇಳಿದರೂ ಸುದ್ದಿ ಇಳಿಯಲಿಲ್ಲ. ಈಗ ಅದೇ ಔಷಧ, ಅದರ ಜೊತೆಗೆ ಫೆನ್‌ಬೆಂಡಜೋಲ್ ಎಂಬ ಇನ್ನೊಂದು ಜಂತುನಾಶಕ, ಕ್ಯಾನ್ಸರನ್ನು ವಾಸಿಮಾಡುತ್ತದೆ ಎಂದು ಫೋನಿನಿಂದ ಫೋನಿಗೆ ಓಡಾಡುತ್ತಿದೆ. ಕೆಳಗೆ "ವಿಜ್ಞಾನಿಗಳು ಸಿದ್ಧಪಡಿಸಿದ್ದಾರೆ" ಎಂಬ ಒಂದು ಸಾಲು ಬೇರೆ ಇರುತ್ತದೆ.

ಮೊದಲು ಔಷಧಕ್ಕೆ ಸಲ್ಲಬೇಕಾದ ಮರ್ಯಾದೆಯನ್ನು ಸಲ್ಲಿಸೋಣ. ಇದು ಮಣ್ಣಿನಲ್ಲಿ ಹುಟ್ಟಿದ ಮದ್ದು. ಜಪಾನಿನ ಸತೋಶಿ ಓಮುರ ಎಂಬ ವಿಜ್ಞಾನಿ ಅಲ್ಲಿಯ ಮಣ್ಣುಗಳನ್ನು ತಂದು, ಅವುಗಳಲ್ಲಿರುವ ಸೂಕ್ಷ್ಮಜೀವಿಗಳನ್ನು ಬೇರ್ಪಡಿಸಿ ಬೆಳೆಸುತ್ತಿದ್ದರು. ಮೊದಲ ಮಳೆ ಬಿದ್ದಾಗ ನೆಲದಿಂದ ಏಳುವ ಘಮ ಇದೆಯಲ್ಲ, ಅದನ್ನು ಕೊಡುವ ಜಾತಿಯ ಜೀವಿಗಳೇ ಅವು. ಅವುಗಳಲ್ಲಿ ಒಂದರಿಂದ ಬಂದ ವಸ್ತು ಜಂತುಹುಳುಗಳನ್ನು ಕೊಲ್ಲುತ್ತದೆಂದು ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ವಿಲಿಯಂ ಕ್ಯಾಂಬೆಲ್ ತೋರಿಸಿದರು. 1981ರ ಹೊತ್ತಿಗೆ ಅದು ಪಶುಗಳಿಗೆ ಮದ್ದಾಗಿ ಬಂತು. ಆಫ್ರಿಕದಲ್ಲಿ ನದೀತೀರದ ನೊಣಗಳಿಂದ ಹರಡಿ ಊರೂರನ್ನೇ ಕುರುಡು ಮಾಡುತ್ತಿದ್ದ ಒಂದು ಹುಳುರೋಗಕ್ಕೆ 1987ರಿಂದ ಇದನ್ನು ಉಚಿತವಾಗಿ ಹಂಚಲಾಯಿತು. 2015ರಲ್ಲಿ ಇಬ್ಬರಿಗೂ ನೊಬೆಲ್ ಬಹುಮಾನ ಬಂತು. ನಮ್ಮ ಯಾದಗಿರಿ ಜಿಲ್ಲೆಯಲ್ಲಿಯೂ ಆನೆಕಾಲು ರೋಗವನ್ನು ತೊಲಗಿಸಲು ಆರೋಗ್ಯ ಇಲಾಖೆಯವರು ಮೂರು ಮಾತ್ರೆಗಳನ್ನು ಒಟ್ಟಿಗೆ ನುಂಗಿಸಿದ್ದಾರೆ. ಮೂರರಲ್ಲಿ ಒಂದು ಇದೇ. ಆದ್ದರಿಂದ "ಇದು ದನದ ಮದ್ದು, ಮನುಷ್ಯನಿಗೆ ವಿಷ" ಎಂದು ಹೆದರಿಸುವವರ ಮಾತೂ ಪೂರ್ತಿ ಸರಿಯಲ್ಲ. ಹುಳುವಿಗೆ ಇದು ಒಳ್ಳೆಯ ಮದ್ದು. ಮಾತು ಅಲ್ಲಿಗೆ ನಿಂತಿದ್ದರೆ ನಾನು ಇಂದು ರಾಗಿಯ ವಿಷಯ ಮಾತಾಡುತ್ತಿದ್ದೆ.

ಕೊರೋನಕ್ಕೂ ಇದಕ್ಕೂ ಗಂಟು ಬಿದ್ದದ್ದು ಹೇಗೆ? 2020ರ ಏಪ್ರಿಲ್ ತಿಂಗಳಿನಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ನಗರದಿಂದ ಒಂದು ಪ್ರಯೋಗದ ವರದಿ ಬಂತು. ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಕೋತಿಯ ಮೂತ್ರಪಿಂಡದ ಜೀವಕೋಶಗಳಿಗೆ ವೈರಸ್ಸನ್ನು ಹತ್ತಿಸಿ, ಮೇಲೆ ಐವರ್‌ಮೆಕ್ಟಿನ್ ಹಾಕಿದರು. ಎರಡು ದಿನಗಳಲ್ಲಿ ವೈರಸ್ಸು ಸುಮಾರು ಐದು ಸಾವಿರ ಪಟ್ಟು ಕಡಿಮೆಯಾಯಿತು. ವರದಿ ಸುಳ್ಳಲ್ಲ. ಆದರೆ ಪಾತ್ರೆಗೆ ಹಾಕಿದ ಔಷಧದ ಸಾಂದ್ರತೆ ಎಷ್ಟಿತ್ತೆಂದರೆ, ಮನುಷ್ಯನು ಡಾಕ್ಟರು ಕೊಡುವ ಪ್ರಮಾಣದಲ್ಲಿ ಮಾತ್ರೆ ನುಂಗಿದಾಗ ರಕ್ತದಲ್ಲಿ ಸೇರುವುದಕ್ಕಿಂತ ಅದು ಹತ್ತಾರು ಪಟ್ಟು ಹೆಚ್ಚು. ಪ್ರಯೋಗ ಮಾಡಿದವರೇ, ಇನ್ನು ಮನುಷ್ಯರಲ್ಲಿ ಪರೀಕ್ಷೆಯಾಗಬೇಕು ಎಂದು ಹೇಳಿದ್ದರು. ಸುದ್ದಿ ಹಬ್ಬಿಸಿದವರು ಐದು ಸಾವಿರವನ್ನು ಇಟ್ಟುಕೊಂಡು ಗಾಜಿನ ಪಾತ್ರೆಯನ್ನು ಬಿಟ್ಟುಬಿಟ್ಟರು.

ತಾವೇ ಯೋಚಿಸಿ. ಒಂದು ಬಟ್ಟಲಲ್ಲಿ ಸೈನಿಕ ಹುಳುವನ್ನು ಹಾಕಿ ಸೀಮೆಎಣ್ಣೆ ಹೊಯ್ದರೆ ಹುಳು ಸಾಯುತ್ತದೆ. ಹಾಗೆಂದು ಎಕರೆ ಜೋಳಕ್ಕೆ ಸೀಮೆಎಣ್ಣೆ ಹೊಯ್ಯುವವರು ಯಾರು? ಹುಳುವೂ ಸತ್ತು ಬೆಳೆಯೂ ಸಾಯುತ್ತದೆ. ಬಟ್ಟಲಲ್ಲಿ ಕೊಲ್ಲುವುದು ಸುಲಭ. ಬೆಳೆಯನ್ನು ಉಳಿಸಿ ಹುಳುವನ್ನು ಕೊಲ್ಲುವುದೇ ಕಷ್ಟ.

ಇನ್ನು ಕೆಲವರು "ನಾನು ತೆಗೆದುಕೊಂಡೆ, ನನಗೆ ವಾಸಿಯಾಯಿತು" ಎನ್ನುತ್ತಾರೆ. ಅವರ ಮಾತನ್ನು ಸುಳ್ಳೆನ್ನಲು ನನಗೆ ಮನಸ್ಸಿಲ್ಲ. ಅವರೆ ಹೂವಿಗೆ ಹೇನು ಹತ್ತಿದೆ. ಒಬ್ಬರು ಬೂದಿ ಎರಚುತ್ತಾರೆ. ಮರುದಿನ ಜೋರು ಮಳೆ ಹೊಯ್ದು ಹೇನೆಲ್ಲ ತೊಳೆದುಹೋಗುತ್ತದೆ. ಬೂದಿ ಹಾಕಿದವರು ಬೂದಿಯನ್ನು ಹೊಗಳುತ್ತಾರೆ. ಹಾಕದ ಪಕ್ಕದ ಹೊಲದಲ್ಲಿಯೂ ಹೇನು ಹೋಗಿದೆಯೇ ಎಂದು ಬೇಲಿ ದಾಟಿ ನೋಡುವವರು ಕಡಿಮೆ. ಕೊರೋನ ತಗಲಿದವರಲ್ಲಿ ಬಹುಪಾಲು ಜನ ಏನೂ ಮಾಡದಿದ್ದರೂ ಚೇತರಿಸಿಕೊಳ್ಳುತ್ತಿದ್ದರು. ಹಾಗಿರುವಾಗ ಐವರ್‌ಮೆಕ್ಟಿನ್ ನುಂಗಿದವರೂ, ಕಷಾಯ ಕುಡಿದವರೂ, 2021ರಲ್ಲಿ ನಮ್ಮ ನಾಡಿನಲ್ಲೇ ಹರಡಿದ ಮಾತು ಕೇಳಿ ಮೂಗಿಗೆ ನಿಂಬೆರಸ ಬಿಟ್ಟುಕೊಂಡವರೂ, ಎಲ್ಲರೂ ತಮ್ಮ ತಮ್ಮ ಮದ್ದನ್ನೇ ಹೊಗಳಿದರು.

ಅದಕ್ಕಾಗಿಯೇ ಪಕ್ಕದ ತಾಕು ಬೇಕು. ನಾವು ಪ್ರಾತ್ಯಕ್ಷಿಕೆ ಮಾಡುವಾಗ ಹೊಸ ಗೊಬ್ಬರ ಹಾಕಿದ ತಾಕಿನ ಮಗ್ಗುಲಲ್ಲೇ ಹಾಕದ ತಾಕನ್ನು ಬಿಡುತ್ತೇವೆ. ಅದೂ ಹೇಗೆಂದರೆ ಹಾಗಲ್ಲ. ತಗ್ಗಿನ ತೇವದ ಕಡೆ ಗೊಬ್ಬರ ಹಾಕಿ, ದಿಬ್ಬದ ಕಡೆ ಹಾಕದೆ ಬಿಟ್ಟರೆ ಗೆಲ್ಲುವುದು ಗೊಬ್ಬರವಲ್ಲ, ತಗ್ಗು. ಆದ್ದರಿಂದ ಯಾವ ತಾಕಿಗೆ ಏನು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುವುದು ಸಂಶೋಧನಾ ಕೇಂದ್ರಗಳ ಪದ್ಧತಿ. ಮನುಷ್ಯರ ಪರೀಕ್ಷೆಯಲ್ಲಿಯೂ ಇದೇ ಆಗುತ್ತದೆ. ಚೀಟಿ ಎತ್ತಿದಂತೆ ಅರ್ಧ ಜನಕ್ಕೆ ನಿಜವಾದ ಔಷಧ, ಅರ್ಧ ಜನಕ್ಕೆ ನೋಡಲು ಹಾಗೆಯೇ ಇರುವ ಸಪ್ಪೆ ಮಾತ್ರೆ. ಯಾರಿಗೆ ಯಾವುದು ಎಂದು ನುಂಗಿದವರಿಗೂ ತಿಳಿಯದು, ನೋಡಿಕೊಳ್ಳುವ ಡಾಕ್ಟರಿಗೂ ತಿಳಿಯದು. ಕೊನೆಯಲ್ಲಿ ಲೆಕ್ಕ ತೆಗೆಯುತ್ತಾರೆ.

ಬ್ರೆಜಿಲ್ ದೇಶದಲ್ಲಿ 2021ರಲ್ಲಿ ಇಂಥ ಪರೀಕ್ಷೆ ನಡೆಯಿತು. 679 ಜನಕ್ಕೆ ಮೂರು ದಿನ ಐವರ್‌ಮೆಕ್ಟಿನ್, 679 ಜನಕ್ಕೆ ಸಪ್ಪೆ ಮಾತ್ರೆ. ಆಸ್ಪತ್ರೆ ಸೇರಬೇಕಾದವರನ್ನೂ, ತುರ್ತು ಚಿಕಿತ್ಸೆಯಲ್ಲಿ ಆರು ಗಂಟೆಗಿಂತ ಹೆಚ್ಚು ಹೊತ್ತು ಇರಬೇಕಾದವರನ್ನೂ ಎಣಿಸಿದರು. ಔಷಧ ತೆಗೆದುಕೊಂಡವರಲ್ಲಿ 100 ಜನ, ಸಪ್ಪೆ ಮಾತ್ರೆಯವರಲ್ಲಿ 111 ಜನ. ಫಲಿತಾಂಶ 2022ರ ಮಾರ್ಚಿಯಲ್ಲಿ ಪ್ರಕಟವಾಯಿತು: ಔಷಧದಿಂದ ಉಪಯೋಗ ಕಾಣಲಿಲ್ಲ.

"ಹನ್ನೊಂದು ಜನ ಉಳಿದರಲ್ಲ, ಸ್ವಾಮಿ?" ಎಂದು ಇದನ್ನು ಹೇಳಿದಾಗ ಒಬ್ಬ ಯಜಮಾನರು ನನ್ನನ್ನು ಕೇಳಿದರು. ಒಳ್ಳೆಯ ಪ್ರಶ್ನೆ. ಒಂದೇ ಬೀಜ, ಒಂದೇ ಗೊಬ್ಬರ, ಒಂದೇ ನೀರು ಕೊಟ್ಟ ಎರಡು ಮಡಿಗಳ ರಾಗಿಯನ್ನು ತಾವು ಬೇರೆ ಬೇರೆ ಅಳೆದು ನೋಡಿ. ಸಮನಾಗಿ ಎಂದಾದರೂ ಬಂದಿದೆಯೇ? ನಾಲ್ಕು ಸೇರು ಅತ್ತ ಇತ್ತ ಆಗಿಯೇ ಆಗುತ್ತದೆ. 679ರಲ್ಲಿ ಹನ್ನೊಂದರ ಅಂತರ ಅಂಥದ್ದು. ಇಷ್ಟು ಅಂತರ ಸುಮ್ಮನೆ ಬರಬಹುದೇ ಇಲ್ಲವೇ ಎಂದು ಲೆಕ್ಕ ಹಾಕುವ ಶಾಸ್ತ್ರವೇ ಇದೆ. ಬರಬಹುದು ಎಂದೇ ಅದು ಹೇಳಿತು.

ಆದರೆ ಇದಕ್ಕೆ ಮೊದಲು ಬಂದ ಕೆಲವು ವರದಿಗಳು ಔಷಧ ಅದ್ಭುತವೆಂದು ಹೇಳಿದ್ದವು. ಅವುಗಳಲ್ಲಿ ದೊಡ್ಡದೊಂದು ಈಜಿಪ್ಟಿನಿಂದ ಬಂದದ್ದು. ಸಾವು ನೂರಕ್ಕೆ ತೊಂಬತ್ತರಷ್ಟು ಇಳಿಯಿತೆಂದು ಅದರ ಹೇಳಿಕೆ. ಬೇರೆ ತಜ್ಞರು ಪರಿಶೀಲಿಸುವ ಮೊದಲೇ, 2020ರ ನವೆಂಬರಿನಲ್ಲಿ ಅದನ್ನು ಹೊರಗೆ ಬಿಡಲಾಗಿತ್ತು. ಲಂಡನ್ನಿನಲ್ಲಿ ಓದುತ್ತಿದ್ದ ಒಬ್ಬ ವೈದ್ಯಕೀಯ ವಿದ್ಯಾರ್ಥಿ ಅದರ ಲೆಕ್ಕದ ಪಟ್ಟಿಯನ್ನು ಬಿಡಿಸಿ ನೋಡಿದ. ಪ್ರಯೋಗ ಆರಂಭವಾಗುವ ಮೊದಲೇ ಸತ್ತವರೂ ಅದರಲ್ಲಿ ಸೇರಿದ್ದರು! ಒಬ್ಬ ರೋಗಿಯ ವಿವರವನ್ನೇ ಮತ್ತೆ ಮತ್ತೆ ಬರೆದಂಥ ಸಾಲುಗಳೂ ಇದ್ದವು. ಕೂಲಿಯ ಹಾಜರಿ ಪಟ್ಟಿಯಲ್ಲಿ ಸತ್ತವರ ಹೆಸರು ಬರೆಯುವುದನ್ನು ನಾವು ಕೇಳಿದ್ದೇವೆ. ಇದು ಅದರ ದೊಡ್ಡಣ್ಣ. 2021ರ ಜುಲೈಯಲ್ಲಿ ಆ ವರದಿಯನ್ನು ತೆಗೆದುಹಾಕಲಾಯಿತು. ಅಷ್ಟರಲ್ಲಿ ಅದನ್ನು ನೆಚ್ಚಿ ಬೇರೆಯವರು ಒಟ್ಟುಲೆಕ್ಕ ಮಾಡಿಯಾಗಿತ್ತು, ಆ ಒಟ್ಟುಲೆಕ್ಕವನ್ನು ನೆಚ್ಚಿ ಸುದ್ದಿ ಊರೂರು ಸುತ್ತಿಯಾಗಿತ್ತು. ತೆಗೆದುಹಾಕಿದ ಸುದ್ದಿ ಯಾರ ಫೋನಿಗೂ ಬರಲಿಲ್ಲ.

ಇನ್ನೊಂದು ಸಂಗತಿಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ರೈತರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಪ್ರಾಮಾಣಿಕವಾಗಿ ಮಾಡಿದ ಪರೀಕ್ಷೆಗಳಲ್ಲಿಯೂ ಕೆಲವು ದೇಶಗಳಲ್ಲಿ ಔಷಧ ತೆಗೆದುಕೊಂಡವರು ಕಡಿಮೆ ಸತ್ತಂತೆ ಕಂಡಿತು, ಕೆಲವು ದೇಶಗಳಲ್ಲಿ ಹಾಗೆ ಕಾಣಲಿಲ್ಲ. ಏಕೆ? 2022ರಲ್ಲಿ ಪ್ರಕಟವಾದ ಒಂದು ಪರಿಶೀಲನೆ ಇದಕ್ಕೆ ಒಂದು ಸುಳಿವನ್ನು ಹಿಡಿಯಿತು. ಬರಿಗಾಲಲ್ಲಿ ಹಸಿ ಮಣ್ಣು ತುಳಿಯುವವರ ಚರ್ಮದ ಮೂಲಕ ಒಳಹೊಕ್ಕು, ಕರುಳಿನಲ್ಲಿ ವರ್ಷಾನುಗಟ್ಟಲೆ ಸದ್ದಿಲ್ಲದೆ ಬದುಕುವ ಒಂದು ಸಣ್ಣ ದುಂಡುಹುಳುವಿದೆ. ಕೊರೋನ ಬಿಗಡಾಯಿಸಿದವರಿಗೆ ಸ್ಟೆರಾಯ್ಡ್ ಎಂಬ ಔಷಧ ಕೊಡುತ್ತಿದ್ದರು. ಅದು ಪ್ರಾಣ ಉಳಿಸುವ ಔಷಧವೇ. ಆದರೆ ಅದು ದೇಹದ ಕಾವಲನ್ನು ತುಸು ಸಡಿಲಿಸುತ್ತದೆ. ಆಗ ಆ ಹುಳು ಒಮ್ಮೆಗೇ ಹೆಚ್ಚಿ ಮೈಯೆಲ್ಲ ಹರಡಿ ಕೊಲ್ಲಬಹುದು. ಐವರ್‌ಮೆಕ್ಟಿನ್ ಆ ಹುಳುವನ್ನು ಕೊಲ್ಲುವ ಮದ್ದು. ಎಂದಮೇಲೆ, ಹುಳು ಹೆಚ್ಚಾಗಿರುವ ದೇಶಗಳಲ್ಲಿ ಔಷಧ ಪ್ರಾಣ ಉಳಿಸಿದ್ದರೆ ಅದು ಹುಳುವನ್ನು ಕೊಂದು, ವೈರಸ್ಸನ್ನು ಕೊಂದಲ್ಲ. ಹುಳು ಅಪರೂಪವಾಗಿರುವ ಕಡೆ ಲಾಭವೇ ಕಾಣಲಿಲ್ಲ. ಟೊಮೇಟೊ ಬೇರಿಗೆ ಗಂಟು ಕಟ್ಟುವ ಜಂತುಹುಳು ಹತ್ತಿದ ಹೊಲಕ್ಕೆ ಬೇವಿನ ಹಿಂಡಿ ಹಾಕಿದಾಗ ಫಸಲು ಏಳುತ್ತದೆ. ಹಿಂಡಿಯೇ ಯೂರಿಯಕ್ಕಿಂತ ಬಲವಾದ ಗೊಬ್ಬರವೆಂದು ಅದರಿಂದ ತೀರ್ಮಾನಿಸಿ, ಹುಳುವಿಲ್ಲದ ಹೊಲದವರಿಗೂ ಹೇಳಿಕೊಟ್ಟರೆ ಹೇಗಾದೀತು? ಹಾಗೆಯೇ ಆಯಿತು.

"ಸರ್ಕಾರವೇ ಕೊಟ್ಟಿತ್ತಲ್ಲ" ಎನ್ನುವವರಿದ್ದಾರೆ. ನಿಜ, ಮುಚ್ಚಿಡುವಂಥದ್ದೇನೂ ಇಲ್ಲ. 2021ರ ಏಪ್ರಿಲ್‌ನಲ್ಲಿ ನಮ್ಮ ದೇಶದ ಚಿಕಿತ್ಸಾ ಸೂಚನೆಯಲ್ಲಿ, ಸೌಮ್ಯ ರೋಗಕ್ಕೆ ಬೇಕಾದರೆ ಕೊಡಬಹುದು ಎಂದು ಇದರ ಹೆಸರಿತ್ತು. ಮೇ ತಿಂಗಳಿನಲ್ಲಿ ಪಕ್ಕದ ಗೋವಾ ರಾಜ್ಯ, ಹದಿನೆಂಟು ದಾಟಿದವರೆಲ್ಲರಿಗೂ ಐದು ದಿನ ಕೊಡುವುದಾಗಿ ಸಾರಿತು. ಕಾಹಿಲೆ ಮನೆ ಮನೆಗೆ ಬರುತ್ತಿದ್ದ ಕಾಲ, ಕೈಗೆ ಸಿಕ್ಕಿದ್ದನ್ನು ಹಿಡಿದರು. ಸರಿಯಾದ ಪರೀಕ್ಷೆಗಳ ಫಲ ಬರುತ್ತಾ ಹೋದಂತೆ, ಅದೇ ವರ್ಷ ಸೆಪ್ಟೆಂಬರಿನಲ್ಲಿ ದೇಶದ ಸೂಚನೆಯಿಂದ ಆ ಹೆಸರನ್ನು ತೆಗೆದರು. ಔಷಧವನ್ನು ಮೊದಲು ತಯಾರಿಸಿದ ಮರ್ಕ್ ಕಂಪನಿಯೇ, ಕೊರೋನಕ್ಕೆ ಇದು ಕೆಲಸ ಮಾಡುತ್ತದೆ ಎನ್ನಲು ಆಧಾರವಿಲ್ಲವೆಂದು 2021ರ ಫೆಬ್ರವರಿಯಲ್ಲೇ ಹೇಳಿತ್ತು. ತನ್ನ ಸರಕು ಬೇಡವೆನ್ನುವ ವ್ಯಾಪಾರಿಯನ್ನು ನಾನಂತೂ ಸಂತೆಯಲ್ಲಿ ನೋಡಿಲ್ಲ. ಅಂಥವನು ಬೇಡವೆಂದರೆ ಕಿವಿಗೊಡಬೇಕು.

ಈಗ ಕ್ಯಾನ್ಸರಿನ ಮಾತು. ಇಂದು ಸಭೆ ಕರೆದದ್ದು ಇದಕ್ಕಾಗಿಯೇ.

ನನ್ನ ವೃತ್ತದ ಒಂದು ಹಳ್ಳಿಯಲ್ಲಿ ಒಬ್ಬ ತಾಯಿಗೆ ಎದೆಯಲ್ಲಿ ಅಡಿಕೆಯಷ್ಟು ಗಂಟು ಕಾಣಿಸಿತು. ಆರೋಗ್ಯ ಕೇಂದ್ರದವರು ನೋಡಿ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಮಗ ಓದಿದವನು, ತಾಯಿಯ ಮೇಲೆ ಜೀವ. ಅವನ ಫೋನಿಗೆ ಒಂದು ವಿಡಿಯೋ ಬಂದಿತ್ತು. ಕುರಿಗೆ ಕುಡಿಸುವ ಜಂತುನಾಶಕದಿಂದ ಪರದೇಶದ ಒಬ್ಬನ ಕ್ಯಾನ್ಸರು ಮಾಯವಾಯಿತಂತೆ. ಚೀಟಿಯನ್ನು ಗೋಡೆಯ ಗೂಡಿನಲ್ಲಿಟ್ಟು ಮೂರು ತಿಂಗಳು ಅದನ್ನೇ ಕುಡಿಸಿದ. ಗಂಟು ನಿಂಬೆಹಣ್ಣಿನಷ್ಟಾಯಿತು. "ದುಡ್ಡಿಗೆ ಹಿಂದೆಮುಂದೆ ನೋಡ್ಲಿಲ್ಲ ಸಾರ್. ಅಮ್ಮನ ಮೈಗೆ ಕತ್ತರಿ ಹಾಕ್ಸೋದು ಬ್ಯಾಡ ಅಂತ ಅಷ್ಟೇ" ಎಂದು ಅವನು ನನ್ನೊಡನೆ ಹೇಳಿದ. ಈಗ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಆ ತಾಯಿಗೆ ಚಿಕಿತ್ಸೆ ನಡೆಯುತ್ತಿದೆ. ಆರಂಭದಲ್ಲಿ ಬಂದಿದ್ದರೆ ಸಣ್ಣದರಲ್ಲಿ ಮುಗಿಯಬಹುದಾಗಿದ್ದ ಚಿಕಿತ್ಸೆ ಈಗ ದೊಡ್ಡದಾಗಿದೆ. ಹೆಸರು ಬೇಡ, ಸಂಗತಿಯನ್ನು ನಾಲ್ಕು ಜನಕ್ಕೆ ಹೇಳಿ ಎಂದು ಕೇಳಿಕೊಂಡವನು ಆ ಮಗನೇ. ಅವನನ್ನು ಹಳಿಯುವವರು ಈ ಸಭೆಯಲ್ಲಿದ್ದರೆ, ಅವನ ಜಾಗದಲ್ಲಿ ನಿಂತು ಒಂದು ರಾತ್ರಿ ಕಳೆದು ಬಂದು ಆಮೇಲೆ ಹಳಿಯಲಿ.

ಆ ವಿಡಿಯೋದ ಮೂಲ ಏನು? ಅಮೆರಿಕದ ಒಬ್ಬ ರೋಗಿ ನಾಯಿಗೆ ಕೊಡುವ ಫೆನ್‌ಬೆಂಡಜೋಲ್ ತೆಗೆದುಕೊಂಡು ಗುಣ ಹೊಂದಿದೆನೆಂದು ಹೇಳಿದ. ಅದೇ ಹೊತ್ತಿಗೆ ಅವನು ಆಸ್ಪತ್ರೆಯಲ್ಲಿ, ಕ್ಯಾನ್ಸರಿಗೆಂದೇ ಬಂದಿರುವ ಹೊಸ ಔಷಧವೊಂದರ ಪರೀಕ್ಷೆಯಲ್ಲಿ ಸೇರಿದ್ದ. ಮಳೆಯೂ ಬೂದಿಯೂ ಒಟ್ಟಿಗೆ ಬಿದ್ದ ಹಾಗೆ. ಆ ಕಥೆ 2019ರಲ್ಲಿ ದಕ್ಷಿಣ ಕೊರಿಯಕ್ಕೆ ಹೋಗಿ, ಅಲ್ಲಿನ ಅಂಗಡಿಗಳಲ್ಲಿ ನಾಯಿಯ ಮದ್ದೇ ಸಿಕ್ಕದಂತಾಯಿತು. ಶ್ವಾಸಕೋಶದ ಕ್ಯಾನ್ಸರಾಗಿದ್ದ ಅಲ್ಲಿಯ ಒಬ್ಬ ಹಾಸ್ಯನಟ ಎಲ್ಲರಿಗೂ ಕಾಣುವಂತೆ ಅದನ್ನು ಸೇವಿಸಿದ, ತಿಂಗಳುಗಳ ಮೇಲೆ ಉಪಯೋಗವಾಗಲಿಲ್ಲವೆಂದು ಅವನೇ ಹೇಳಿ ಬಿಟ್ಟ, 2021ರಲ್ಲಿ ತೀರಿಕೊಂಡ. ಈ ಜಂತುನಾಶಕಗಳು ಗಾಜಿನ ಪಾತ್ರೆಯ ಕ್ಯಾನ್ಸರ್ ಕೋಶಗಳ ಮೇಲೆ, ಇಲಿಗಳ ಮೇಲೆ ಪರಿಣಾಮ ತೋರಿದ ವರದಿಗಳು ಇವೆ. ಮನುಷ್ಯರ ಕ್ಯಾನ್ಸರನ್ನು ವಾಸಿಮಾಡಿದ್ದನ್ನು ಪಕ್ಕದ ತಾಕು ಇಟ್ಟು ತೋರಿಸಿದ ಪರೀಕ್ಷೆ ಒಂದೂ ಇಲ್ಲ.

ಗಿಡಮೂಲಿಕೆ, ಮನೆಮದ್ದುಗಳನ್ನು ದೂರಲು ನಾನು ನಿಂತಿಲ್ಲ. ಓಮುರ, ಕ್ಯಾಂಬೆಲ್ ಇವರೊಡನೆ ಅದೇ 2015ರಲ್ಲಿ ನೊಬೆಲ್ ಹಂಚಿಕೊಂಡ ಚೀನದ ತೂ ಯೂಯೂ ಎಂಬ ಮಹಿಳೆ ಮಲೇರಿಯಕ್ಕೆ ಮದ್ದು ಹುಡುಕಿದ್ದು ಒಂದು ಮೂಲಿಕೆಯಲ್ಲಿಯೇ. ಆದರೆ ಸಾರ ತೆಗೆದು, ಅಳತೆ ಕಟ್ಟಿ, ಪರೀಕ್ಷೆ ಮಾಡಿ, ಆಮೇಲೆ ಜನಕ್ಕೆ ಕೊಟ್ಟರು.

ಅಪಾಯದ ಮಾತನ್ನೂ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಕೊರೋನಕ್ಕೆ ಮೊದಲು ವಾರಕ್ಕೆ 3,600ರಷ್ಟು ಐವರ್‌ಮೆಕ್ಟಿನ್ ಚೀಟಿಗಳನ್ನು ಡಾಕ್ಟರುಗಳು ಬರೆಯುತ್ತಿದ್ದರು. 2021ರ ಆಗಸ್ಟಿನ ಒಂದು ವಾರದಲ್ಲಿ 88,000 ಆಯಿತು. ಚೀಟಿ ಸಿಗದವರು ಪಶುಗಳ ಅಂಗಡಿಗೆ ನುಗ್ಗಿದರು. ಈ ಔಷಧದ ವಿಷಯವಾಗಿ ವಿಷ ನಿವಾರಣಾ ಕೇಂದ್ರಗಳಿಗೆ ಬರುವ ಕರೆಗಳು ಐದು ಪಟ್ಟಾದವು. ನಮ್ಮ ದನದ ಚುಚ್ಚುಮದ್ದು ನೂರಕ್ಕೆ ಒಂದು ಪ್ರಮಾಣದ್ದು. ಅದರ ಐವತ್ತು ಮಿಲಿಯ ಒಂದು ಶೀಸೆಯಲ್ಲಿ, ಅರವತ್ತು ಕೆ.ಜಿ. ತೂಕದ ಮನುಷ್ಯನಿಗೆ ಹುಳುವಿಗಾಗಿ ಡಾಕ್ಟರು ಒಮ್ಮೆಗೆ ಕೊಡುವ ಮಾತ್ರೆಯ ನಲವತ್ತು ಪಟ್ಟಿಗೂ ಮೇಲೆ ಔಷಧವಿದೆ. ಅದನ್ನು ಕರಗಿಸಿರುವ ದ್ರವವೂ ದನದ ಚರ್ಮದಡಿಗೆ ಎಂದು ಮಾಡಿದ್ದು, ಕುಡಿಯಲು ಅಲ್ಲ. ಪ್ರಮಾಣ ಮೀರಿದರೆ ವಾಂತಿ, ಭೇದಿ, ತಲೆ ತಿರುಗುವುದು, ಕಾಲು ತಡವರಿಸುವುದು, ರಕ್ತದ ಒತ್ತಡ ಕುಸಿಯುವುದು, ಫಿಟ್ಸು, ಪ್ರಜ್ಞೆ ತಪ್ಪುವುದು, ಪ್ರಾಣವೂ ಹೋಗಬಹುದು. ಯಾರಾದರೂ ಕುಡಿದಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. 108ಕ್ಕೆ ಕರೆ ಮಾಡಿ. ಶೀಸೆಯನ್ನೂ ಜೊತೆಗೆ ತೆಗೆದುಕೊಂಡು ಆಸ್ಪತ್ರೆಗೆ ನಡೆಯಿರಿ. ಏನು ಕುಡಿದರು, ಎಷ್ಟು ಕುಡಿದರು ಎಂದು ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿ.

ಫೋನಿಗೆ ಮದ್ದಿನ ಸುದ್ದಿ ಬಂದಾಗ ನಮ್ಮ ಹುಡುಗರು ಕೇಳಬೇಕಾದ ಪ್ರಶ್ನೆಗಳು ಕಷ್ಟದವಲ್ಲ. ಇದನ್ನು ಮಾಡಿ ನೋಡಿದ್ದು ಪಾತ್ರೆಯಲ್ಲೋ, ಇಲಿಯಲ್ಲೋ, ಮನುಷ್ಯರಲ್ಲೋ? ಮನುಷ್ಯರಲ್ಲಾದರೆ ಎಷ್ಟು ಜನ, ಪಕ್ಕದ ತಾಕು ಇತ್ತೇ? ಆ ವರದಿ ಇನ್ನೂ ನಿಂತಿದೆಯೋ, ತೆಗೆದುಹಾಕಿದ್ದಾರೋ? ಉತ್ತರ ಸಿಗದಿದ್ದರೆ ಸುದ್ದಿಯನ್ನು ಮುಂದಕ್ಕೆ ಕಳಿಸದೆ ಆರೋಗ್ಯ ಕೇಂದ್ರದ ಡಾಕ್ಟರಿಗೆ ತೋರಿಸಲಿ. ಬಿತ್ತನೆ ಬೀಜದ ಅಂಗಡಿಯಲ್ಲಿ ಚೀಲ ಬಿಚ್ಚಿ, ಮುಷ್ಟಿಯಲ್ಲಿ ಹಿಡಿದು, ಮೊಳಕೆ ಎಷ್ಟೆಂದು ಕೇಳುವವರು ನಾವು. ಔಷಧದ ಸುದ್ದಿಗೆ ಬಂದರೆ ಏಕೋ ಸುಮ್ಮನಾಗುತ್ತೇವೆ.

ಹಣದ ಚಿಂತೆ ಇರುವವರಿಗೆ ಒಂದು ಮಾತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ. ಕ್ಯಾನ್ಸರ್ ಚಿಕಿತ್ಸೆಯೂ ಅದರಲ್ಲಿ ಸೇರಿದೆ. ಬರುವ ಗುರುವಾರ ಬೆಳಿಗ್ಗೆ ಪಶು ಚಿಕಿತ್ಸಾಲಯದವರು ಕುರಿಗಳಿಗೆ ಜಂತುನಾಶಕ ಕುಡಿಸಲು ಶಾಲೆಯ ಮುಂದಿನ ಬಯಲಿಗೆ ಬರುತ್ತಾರೆ. ಮನೆಯಲ್ಲಿ ಅರ್ಧ ಉಳಿದಿರುವ, ಹೆಸರು ಅಳಿಸಿಹೋಗಿರುವ ದನದ ಔಷಧದ ಶೀಸೆಗಳಿದ್ದರೆ ತಂದು ಅವರ ಕೈಗೆ ಕೊಡಿ. ಆಶಾ ಕಾರ್ಯಕರ್ತೆಯೂ ಅಂದು ಅಲ್ಲಿಯೇ ಇರುತ್ತಾರೆ. ಎದೆಯಲ್ಲಿ ಗಂಟು, ಮೂರು ವಾರವಾದರೂ ಮಾಯದ ಬಾಯಿಹುಣ್ಣು, ಮುಟ್ಟು ನಿಂತ ಮೇಲೂ ರಕ್ತ ಕಾಣುವುದು, ಇಂಥದ್ದೇನಾದರೂ ಇರುವವರು ಸಂಕೋಚಪಡದೆ ಅವರಿಗೆ ಹೇಳಿ. ರೇಷನ್ ಕಾರ್ಡು, ಆಧಾರ್ ಕಾರ್ಡು ಎರಡನ್ನೂ ತನ್ನಿ.